ಕಡಲಂಚಿನ ನೀರಿಗೆ ರೇಡಿಯಂ ಗಡಿಯಾರ

ಕರಾವಳಿಯ ನೀರಿನ ಉಪ್ಪಿನಂಶವನ್ನು ಅಳೆದರೆ ಅದರಲ್ಲಿ ಸಿಹಿನೀರು ಎಷ್ಟು ಬೆರೆತಿದೆ ಎಂಬುದು ತಿಳಿಯುತ್ತದೆಯೇ ಹೊರತು, ಆ ನೀರು ದಡ ಬಿಟ್ಟು ಎಷ್ಟು ದಿನವಾಯಿತು ಎಂಬುದು ತಿಳಿಯುವುದಿಲ್ಲ. ಈ ದಿನಗಳ ಲೆಕ್ಕಕ್ಕೆ ಸಾಗರವಿಜ್ಞಾನಿಗಳು ನೆಚ್ಚಿಕೊಂಡಿರುವುದು ಕಲ್ಲು ಮಣ್ಣುಗಳಲ್ಲಿ ತಾನಾಗಿಯೇ ಹುಟ್ಟುವ ವಿಕಿರಣಶೀಲ ಧಾತುವಾದ ರೇಡಿಯಂ ಅನ್ನು. ಮರಳು ಮತ್ತು ಕೆಸರಿನಲ್ಲಿರುವ ಥೋರಿಯಂ ನೀರಿನಲ್ಲಿ ಕರಗದೆ ಕಣಗಳಿಗೆ ಅಂಟಿಕೊಂಡೇ ಇದ್ದು, ಕ್ಷಯಿಸುತ್ತ ಎಡೆಬಿಡದೆ ರೇಡಿಯಂ ಅನ್ನು ಉತ್ಪಾದಿಸುತ್ತಿರುತ್ತದೆ. ಸಿಹಿನೀರಿನಲ್ಲಿ ಬಹುಮಟ್ಟಿಗೆ ಕಣಕ್ಕೇ ಕಚ್ಚಿಕೊಂಡಿರುವ ಈ ರೇಡಿಯಂ, ಉಪ್ಪುನೀರು ಸೋಕಿದೊಡನೆ ಲವಣದ ಅಯಾನುಗಳಿಗೆ ಜಾಗ ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ. ನೀರು ದಡದಿಂದ ದೂರ ಸರಿದ ಮೇಲೆ ಹೊಸ ರೇಡಿಯಂ ಅಷ್ಟಾಗಿ ಸೇರದು. ಗಡಿಯಾರ ಓಡತೊಡಗುವುದು ಅಲ್ಲಿಂದ.

ನಿಸರ್ಗದಲ್ಲಿ ಸಿಗುವ ರೇಡಿಯಂನ ನಾಲ್ಕು ಐಸೊಟೋಪುಗಳಲ್ಲಿ, ಅಂದರೆ ಪರಮಾಣುವಿನ ತೂಕದಲ್ಲಷ್ಟೇ ಭಿನ್ನವಾದ ರೂಪಗಳಲ್ಲಿ, ಅರ್ಧದಷ್ಟು ಕ್ಷಯಿಸಲು ರೇಡಿಯಂ-224ಕ್ಕೆ 3.66 ದಿನ, 223ಕ್ಕೆ 11.4 ದಿನ, 228ಕ್ಕೆ 5.75 ವರ್ಷ, 226ಕ್ಕೆ ಸುಮಾರು 1,600 ವರ್ಷ ಬೇಕು. ದಡದಿಂದ ದೂರ ಹೋದಂತೆ 224 ಇಳಿಯುವುದಕ್ಕೆ ಕ್ಷಯವೂ ಕಾರಣ, ಹೊರಗಡಲಿನ ನೀರು ಬೆರೆತು ತೆಳುವಾಗುವುದೂ ಕಾರಣ. ಆದರೆ ಬೆರಕೆಯು 224 ಮತ್ತು 223 ಎರಡನ್ನೂ ಒಂದೇ ಪ್ರಮಾಣದಲ್ಲಿ ತೆಳುಗೊಳಿಸುವುದರಿಂದ, ಅವುಗಳ ಅನುಪಾತದಲ್ಲಿ ಉಳಿಯುವುದು ಕಾಲದ ಗುರುತು ಮಾತ್ರ. ಆ ಅನುಪಾತ ಸುಮಾರು 5.4 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ.

ಅಳತೆಯ ಕೆಲಸವಾದರೋ ತಾಳ್ಮೆಯದು. ಪರ್ಮಾಂಗನೇಟಿನಲ್ಲಿ ನೆನೆಸಿ ಮ್ಯಾಂಗನೀಸ್ ಲೇಪ ಹಿಡಿದು ಕಪ್ಪಾದ ಅಕ್ರಿಲಿಕ್ ನಾರಿನ ಮೂಲಕ ನೂರಾರು ಲೀಟರ್ ಕಡಲ ನೀರನ್ನು ನಿಧಾನವಾಗಿ ಹರಿಸಿದಾಗ ರೇಡಿಯಂ ಆ ನಾರಿಗೆ ಹತ್ತಿಕೊಳ್ಳುತ್ತದೆ. ಬಳಿಕ ಹೀಲಿಯಂ ಅನಿಲ ಹಾಯಿಸಿದರೆ, ರೇಡಿಯಂನಿಂದ ಹುಟ್ಟಿದ ರೇಡಾನ್ ಅನಿಲ ಅದರೊಡನೆ ಎಣಿಕೆಯ ಕೋಶಕ್ಕೆ ಬಂದು, ಅಲ್ಲಿ ಒಂದರ ಹಿಂದೊಂದು ಜೋಡಿ ಮಿಂಚುಗಳು ಮೂಡುತ್ತವೆ. ಎರಡು ಮಿಂಚುಗಳ ಅಂತರ ಸೆಕೆಂಡಿನ ಕೆಲವೇ ಸಾವಿರದ ಒಂದಂಶಗಳಷ್ಟಿದ್ದರೆ ಅದು 223ರ ಸಂತತಿ, ಹತ್ತನೆಯ ಒಂದಂಶದ ಆಸುಪಾಸಿನಲ್ಲಿದ್ದರೆ 224ರದು.

ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಈ ವಿಧಾನ ಹೆಚ್ಚು ಫಲ ಕೊಟ್ಟಿತು. ಅಲ್ಲಿನ ನೀರಿನಲ್ಲಿರುವ ರೇಡಿಯಂ-226 ನದಿಗಳು ತರುವುದಕ್ಕಿಂತ ಬಹಳ ಹೆಚ್ಚಾಗಿದೆಯೆಂದೂ, ನೀರು ಬದಲಾಗುವ ಕಾಲವನ್ನು ಪರಿಗಣಿಸಿದರೆ ನದಿನೀರಿನ ಸುಮಾರು ಶೇಕಡಾ 40ರಷ್ಟು ಅಂತರ್ಜಲ ಕಡಲತಳದಿಂದ ಒಸರುತ್ತಿರಬೇಕೆಂದೂ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ವಿಲ್ಲರ್ಡ್ ಮೂರ್ 1996ರಲ್ಲಿ ತೋರಿಸಿದರು. 2000ದಲ್ಲಿ ಅವರೇ ಅಲ್ಪಾಯುವಿನ ಎರಡು ರೂಪಗಳನ್ನು ಬಳಸಿ, ದಡದಿಂದ 50 ಕಿಲೋಮೀಟರಿನವರೆಗೆ ನೀರು ಬೆರೆಯುವ ದರವನ್ನು ನೇರವಾಗಿ ಲೆಕ್ಕಹಾಕಿದರು. ಅಂತರ್ಜಲವೆಂದೊಡನೆ ಬಾವಿಯ ಸಿಹಿನೀರನ್ನು ನೆನೆಯಬಾರದು. ಅದರಲ್ಲಿ ದೊಡ್ಡ ಪಾಲು ಮರಳಿನೊಳಕ್ಕೆ ಇಳಿದು ಮತ್ತೆ ಹೊರಬಂದ ಕಡಲ ನೀರೇ.