ಒಂಟಿ ದೋಣಿಯಲ್ಲಿ ಕಡಲಿನ ಲೆಕ್ಕ

ಕೀಲ್ (ಜರ್ಮನಿ): 2025ರ ಆಗಸ್ಟ್ 10, ಭಾನುವಾರ. ಊರಲ್ಲಿ ನೂಲ ಹುಣ್ಣಿಮೆ ಮುಗಿದ ಮರುದಿನ. ಎರಡು ತಿಂಗಳ ಮೀನುಗಾರಿಕೆ ರಜೆ ಕಳೆದು ಮಲ್ಪೆ, ಗಂಗೊಳ್ಳಿಯ ಬೋಟುಗಳು ಮತ್ತೆ ಕಡಲಿಗಿಳಿಯುವ ಹೊತ್ತು. ಇಲ್ಲಿ ಕೀಲ್‌ನ ದಂಡೆಯಲ್ಲಿ ನಾವು ನಾಲ್ಕೈದು ಕನ್ನಡ ಕುಟುಂಬಗಳು ಚಿತ್ರಾನ್ನದ ಡಬ್ಬಿ ಹಿಡಿದು ಜನಜಂಗುಳಿಯ ನಡುವೆ ನಿಂತಿದ್ದೆವು. 'ಓಷನ್ ರೇಸ್ ಯುರೋಪ್' ಹಾಯಿದೋಣಿ ಸ್ಪರ್ಧೆ ಅಂದು ಇಲ್ಲಿಂದ ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೇ ಎರಡು ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ರಿಪೇರಿಗೆಂದು ದಡಕ್ಕೆ ವಾಪಸಾದವು. ಮಕ್ಕಳಿಗೆ ಅದೇ ದೊಡ್ಡ ಸುದ್ದಿ.

ಫೋನಿನಲ್ಲಿ ವಿಡಿಯೊ ನೋಡುತ್ತಿದ್ದ ನಮ್ಮಲ್ಲೊಬ್ಬರ ತಾಯಿ ಮಲ್ಪೆಯಿಂದ ಕೇಳಿದರು: "ಮೀನು ಹಿಡಿಯುದಿಲ್ಲ, ಸಾಮಾನು ಸಾಗಿಸುದಿಲ್ಲ, ಮತ್ತೆ ಎಂತಕ್ಕೆ ಹೋಗುದು ಮಾರಾಯ ಇವರು?"

ಆ ಪ್ರಶ್ನೆಗೆ ಅಂದು ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದೆವು. ಉತ್ತರದ ಒಂದು ತುದಿ ನಮ್ಮ ಊರಿನಲ್ಲೇ, ಕೀಲ್‌ನ 'ಜಿಯೊಮಾರ್' ಸಾಗರ ಸಂಶೋಧನಾ ಕೇಂದ್ರದಲ್ಲಿ ಸಿಕ್ಕಿತು. ಇನ್ನೊಂದು ತುದಿ 'ಮಲಿಜಿಯಾ' ಎಂಬ ದೋಣಿಯ ಹೊಟ್ಟೆಯಲ್ಲಿತ್ತು.

ಮಲಿಜಿಯಾದ ನಾವಿಕ ಬೋರಿಸ್ ಹೆರ್ಮನ್ ಹ್ಯಾಂಬರ್ಗ್‌ನವರು. ಕೀಲ್‌ನ ಸ್ಪರ್ಧೆಯಲ್ಲಿ ತಂಡವಿರುತ್ತದೆ, ಆದರೆ ಅವರನ್ನು ಜರ್ಮನಿಗೆಲ್ಲ ಪರಿಚಯಿಸಿದ್ದು ಒಂಟಿ ಯಾನ. ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಪಟ್ಟಣದಿಂದ ನಾಲ್ಕು ವರ್ಷಕ್ಕೊಮ್ಮೆ 'ವಾಂದೆ ಗ್ಲೋಬ್' ಸ್ಪರ್ಧೆ ಹೊರಡುತ್ತದೆ. ಒಬ್ಬರೇ ಹೋಗಬೇಕು, ಎಲ್ಲೂ ದಡ ಮುಟ್ಟಿ ನಿಲ್ಲುವಂತಿಲ್ಲ, ಯಾರ ಸಹಾಯವನ್ನೂ ಪಡೆಯುವಂತಿಲ್ಲ. ಆಫ್ರಿಕಾದ ಗುಡ್ ಹೋಪ್, ಆಸ್ಟ್ರೇಲಿಯಾದ ಲೀವಿನ್, ದಕ್ಷಿಣ ಅಮೆರಿಕದ ಹಾರ್ನ್ ಭೂಶಿರಗಳನ್ನು ಸುತ್ತಿ ಹೊರಟಲ್ಲಿಗೇ ಬರಬೇಕು. ದಾರಿ ಸುಮಾರು 45 ಸಾವಿರ ಕಿ.ಮೀ. ನಿದ್ದೆ ಎಂದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ತುಣುಕುಗಳು.

2020-21ರ ಸ್ಪರ್ಧೆಯಲ್ಲಿ ಹೆರ್ಮನ್ ದೋಣಿಯಲ್ಲಿ ಒಂದು ಪುಟ್ಟ ಪ್ರಯೋಗಾಲಯವೂ ಇತ್ತು. ಅದರ ಕೆಲಸ ಸರಳ. ದೋಣಿ ಓಡುತ್ತಿರುವಾಗಲೇ ಪಂಪು ಕಡಲ ನೀರನ್ನು ಒಳಗೆಳೆಯುತ್ತದೆ. ನೀರು ತೆಳುವಾದ ಪೊರೆಯೊಂದನ್ನು ಸವರಿಕೊಂಡು ಹೋಗುವಾಗ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಪೊರೆ ದಾಟಿ ಆಚೆ ಬರುತ್ತದೆ. ಅದು ಎಷ್ಟಿದೆ ಎಂದು ಅತಿಗೆಂಪು ಬೆಳಕಿನ ಸಂವೇದಕ ಅಳೆಯುತ್ತದೆ. ಜೊತೆಗೆ ನೀರಿನ ಉಷ್ಣಾಂಶ, ಉಪ್ಪಿನ ಅಂಶ. ಈ ಯಂತ್ರ ತಯಾರಾಗಿದ್ದೂ ಕೀಲ್‌ನಲ್ಲೇ. ಹಲ್ಲುಜ್ಜುವ ಬ್ರಶ್ಶಿನ ತೂಕವನ್ನೂ ಲೆಕ್ಕ ಹಾಕುವ ಸ್ಪರ್ಧಿಗಳು ಇಂಥದ್ದೊಂದು ಪೆಟ್ಟಿಗೆ ಹೊತ್ತು, ಅದಕ್ಕೆ ದೋಣಿಯ ವಿದ್ಯುತ್ತನ್ನೂ ಕೊಡುತ್ತಾರೆಂದರೆ ಅದು ಸಣ್ಣ ತ್ಯಾಗವಲ್ಲ.

ಈ ಲೆಕ್ಕ ಯಾಕೆ ಬೇಕು? ಮನುಷ್ಯ ಪ್ರತಿವರ್ಷ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದರಲ್ಲೂ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಪಾಲು ಬಹಳ ದೊಡ್ಡದು. ಆದರೆ ಅಲ್ಲಿ ಅಳತೆ ತೆಗೆದವರೇ ಕಡಿಮೆ. ಸರಕಿನ ಹಡಗುಗಳು ತಮ್ಮ ದಾರಿ ಬಿಟ್ಟು ಅಲ್ಲಿಗೆ ಹೋಗುವುದಿಲ್ಲ. ಸಂಶೋಧನಾ ಹಡಗು ಹೋಗಬೇಕೆಂದರೆ ಒಂದೊಂದು ದಿನದ ಖರ್ಚೂ ದೊಡ್ಡ ಮೊತ್ತ. ಇತ್ತ ಈ ಸ್ಪರ್ಧಿಗಳು ಹೇಗಿದ್ದರೂ ಅದೇ ನೀರಿನಲ್ಲಿ, ಹೊಗೆ ಬಿಡದೆ, ವಾರಗಟ್ಟಲೆ ಓಡುತ್ತಾರೆ. ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೇಟೆಯಿಂದ ಔಷಧಿ ತರಿಸಿಕೊಳ್ಳುತ್ತಿದ್ದೆವಲ್ಲ, ವಿಜ್ಞಾನಿಗಳು ಮಾಡಿದ್ದೂ ಹೆಚ್ಚುಕಡಿಮೆ ಅದೇ.

ದೋಣಿ ತಂದ ಅಂಕಿಗಳು 'ಸೋಕ್ಯಾಟ್' ಎಂಬ ಜಾಗತಿಕ ದತ್ತಾಂಶ ಸಂಗ್ರಹಕ್ಕೆ ಸೇರುತ್ತವೆ. ಯಾವ ದೇಶದ ಸಂಶೋಧಕರೂ ಅದನ್ನು ಉಚಿತವಾಗಿ ಬಳಸಬಹುದು. ಹಾಯಿದೋಣಿಗಳ ಅಂಕಿಗಳನ್ನು ಸೇರಿಸಿದರೆ ದಕ್ಷಿಣ ಸಾಗರದ ಇಂಗಾಲದ ಅಂದಾಜು ಎಷ್ಟು ಬದಲಾಗುತ್ತದೆ ಎಂದು ಪೀಟರ್ ಲ್ಯಾಂಡ್‌ಶುಟ್ಜರ್ ಮತ್ತು ಸಂಗಡಿಗರು 2023ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದರು. ಒಂದೇ ಒಂದು ಸುತ್ತಿನ ಅಳತೆಯೂ ಆ ಅಂದಾಜನ್ನು ಅಲುಗಿಸಬಲ್ಲದು ಎಂದರೆ, ಅಲ್ಲಿ ಎಷ್ಟು ಕತ್ತಲಿದೆ ಎಂದು ಊಹಿಸಬಹುದು. ಆದರೂ ಇದಕ್ಕೊಂದು ಮಿತಿಯಿದೆ. ಸ್ಪರ್ಧೆ ನಡೆಯುವುದು ದಕ್ಷಿಣಾರ್ಧದ ಬೇಸಿಗೆಯಲ್ಲಿ. ಅಲ್ಲಿನ ಚಳಿಗಾಲದ ಅಳತೆಯ ಕೊರತೆಯನ್ನು ಯಾವ ಸ್ಪರ್ಧೆಯೂ ತುಂಬುವುದಿಲ್ಲ.

2024ರ ನವೆಂಬರ್ 10ರಂದು ಹೊರಟ ವಾಂದೆ ಗ್ಲೋಬ್‌ನಲ್ಲಿ 40 ನಾವಿಕರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ವೈಜ್ಞಾನಿಕ ಉಪಕರಣ ಒಯ್ದರು. ಕೆಲವರು 'ಆರ್ಗೊ' ತೇಲುಯಂತ್ರಗಳನ್ನು ದಾರಿಯಲ್ಲಿ ನೀರಿಗೆ ಬಿಟ್ಟರು. ಈ ಯಂತ್ರ ಸಾವಿರ ಮೀಟರ್ ಆಳದಲ್ಲಿ ತೇಲುತ್ತಾ ಹೋಗಿ, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್‌ವರೆಗೆ ಮುಳುಗಿ, ಮೇಲೆ ಬರುವಾಗ ದಾರಿಯುದ್ದಕ್ಕೂ ಉಷ್ಣಾಂಶ, ಉಪ್ಪು ಅಳೆದು ಉಪಗ್ರಹಕ್ಕೆ ವರದಿ ಕಳಿಸುತ್ತದೆ. ಜಗತ್ತಿನ ಕಡಲುಗಳಲ್ಲಿ ಇಂಥವು ಸುಮಾರು ನಾಲ್ಕು ಸಾವಿರ ಇವೆ. ಭಾರತದ ಪಾಲಿನ ಕೆಲಸ ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್, ಅಂದರೆ ನಮ್ಮ ಕರಾವಳಿಯ ಮೀನುಗಾರರಿಗೆ ದೊಡ್ಡ ಅಲೆಯ ಮುನ್ನೆಚ್ಚರಿಕೆ, ಮೀನು ಸಿಗುವ ಜಾಗದ ಸೂಚನೆ ಕೊಡುವ ಅದೇ ಸಂಸ್ಥೆ. ಮುಂಗಾರಿನ ಮುನ್ಸೂಚನೆಗೂ ಕಡಲಿನ ಬಿಸಿಯ ಲೆಕ್ಕ ಬೇಕು. ಆ ಲೆಕ್ಕಕ್ಕೆ ಆರ್ಗೊ ಒಂದು ಮುಖ್ಯ ಆಧಾರ.

ಈ ಕೆಲಸದಲ್ಲಿ ಅಪಾಯ ಕಡಿಮೆಯಲ್ಲ. ಪತ್ರಕರ್ತರಾಗಿದ್ದ ಫ್ರಾನ್ಸಿನ ಫಾಬ್ರಿಸ್ ಅಮೆದಿಯೊ ತಮ್ಮ ದೋಣಿಯಲ್ಲಿ ಇಂಗಾಲದ ಜೊತೆ ಮೈಕ್ರೊಪ್ಲಾಸ್ಟಿಕ್ ಅಳೆಯುವ ಸಾಧನವನ್ನೂ ಒಯ್ಯುತ್ತಿದ್ದವರು. 2022ರ ನವೆಂಬರ್‌ನಲ್ಲಿ ಅಟ್ಲಾಂಟಿಕ್ ನಡುವೆ ಅವರ ದೋಣಿ ಸ್ಫೋಟಗೊಂಡು ಮುಳುಗಿತು. ಜೀವರಕ್ಷಕ ತೆಪ್ಪದಲ್ಲಿದ್ದ ಅವರನ್ನು ಸರಕು ಹಡಗೊಂದು ಎತ್ತಿಕೊಂಡಿತು. ಮತ್ತೆ ಬೇರೆ ದೋಣಿ ಸಜ್ಜು ಮಾಡಿಕೊಂಡು 2024ರ ಸ್ಪರ್ಧೆಗೆ ಬಂದರು.

ಹೆರ್ಮನ್ ಅವರದು ಇನ್ನೊಂದು ಕಥೆ. 2020ರ ನವೆಂಬರ್ ಕೊನೆಯಲ್ಲಿ ಗುಡ್ ಹೋಪ್ ಭೂಶಿರಕ್ಕೆ ಮುನ್ನ ಕೆವಿನ್ ಎಸ್ಕೊಫಿಯೆ ಎಂಬ ಸ್ಪರ್ಧಿಯ ದೋಣಿ ಅಲೆಯ ಹೊಡೆತಕ್ಕೆ ಎರಡಾಗಿ ಮಡಚಿಕೊಂಡಿತು. ಹೆರ್ಮನ್ ಸೇರಿ ನಾಲ್ವರು ಸ್ಪರ್ಧೆ ಬಿಟ್ಟು ಹುಡುಕಲು ತಿರುಗಿದರು. ರಾತ್ರಿಯಿಡೀ ಹುಡುಕಿ, ತೆಪ್ಪದಲ್ಲಿದ್ದ ಎಸ್ಕೊಫಿಯೆಯನ್ನು ಕೊನೆಗೆ ಎತ್ತಿಕೊಂಡವರು ಅರವತ್ತು ದಾಟಿದ್ದ ಜಾನ್ ಲೆ ಕಾಮ್. ಹುಡುಕಾಟಕ್ಕೆ ವ್ಯಯವಾದ ಸಮಯವೆಂದು ಹೆರ್ಮನ್‌ಗೆ ಆರು ಗಂಟೆ ವಿನಾಯಿತಿ ಸಿಕ್ಕಿತು. 80 ದಿನ ಕಳೆದು, ಗೆಲ್ಲುವ ಸಾಧ್ಯತೆ ಇನ್ನೂ ಇದ್ದಾಗ, ಗುರಿಗೆ ಸುಮಾರು 160 ಕಿ.ಮೀ. ಇರುವಾಗ, ಅವರು ಚಿಕ್ಕ ನಿದ್ದೆಗೆ ಜಾರಿದ್ದ ಹೊತ್ತಿಗೆ ದೋಣಿ ಮೀನುಗಾರಿಕೆ ಬೋಟೊಂದಕ್ಕೆ ಡಿಕ್ಕಿ ಹೊಡೆಯಿತು. ಎಚ್ಚರಿಸಬೇಕಿದ್ದ ಸಾಧನ ಎಚ್ಚರಿಸಲಿಲ್ಲ. ಮುರಿದ ದೋಣಿಯನ್ನು ನಿಧಾನಕ್ಕೆ ದಡ ಮುಟ್ಟಿಸಿ ಐದನೆಯವರಾದರು. ಅಳತೆಯ ಅಂಕಿಗಳು ಮಾತ್ರ ಭದ್ರವಾಗಿದ್ದವು.

ಇದೆಲ್ಲ ಪೂರ್ತಿ ನಿಷ್ಕಳಂಕ ಎಂದೇನೂ ನಾವು ಹೇಳುವುದಿಲ್ಲ. ಕಾರ್ಬನ್ ಫೈಬರಿನ ಇಂಥ ಒಂದು ದೋಣಿ ಕಟ್ಟುವಾಗಲೇ ನೂರಾರು ಟನ್ ಹಸಿರುಮನೆ ಅನಿಲ ಗಾಳಿಗೆ ಸೇರುತ್ತದೆ. ಪ್ರಾಯೋಜಕರಲ್ಲಿ ಸರಕು ಸಾಗಣೆಯ ದೈತ್ಯ ಕಂಪನಿಗಳಿವೆ. 2019ರ ಆಗಸ್ಟ್‌ನಲ್ಲಿ ಗ್ರೇಟಾ ಥುನ್‌ಬರ್ಗ್ ಅವರನ್ನು ಇಂಗ್ಲೆಂಡಿನ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಕರೆದೊಯ್ದದ್ದೂ ಹೆರ್ಮನ್ ತಂಡವೇ. ದೋಣಿಯನ್ನು ವಾಪಸ್ ತರಲು ನಾವಿಕರು ವಿಮಾನದಲ್ಲಿ ಹಾರಬೇಕಾಯಿತು ಎಂದು ಟೀಕೆ ಬಂತು. ವರ್ಷಕ್ಕೊಮ್ಮೆ ಊರಿಗೆ ವಿಮಾನ ಹತ್ತುವ ನಾವು ಆ ಟೀಕೆಗೆ ಜೋರಾಗಿ ದನಿಗೂಡಿಸುವ ಹಾಗಿಲ್ಲ, ಬಿಡಿ. ತಂಡ ಫಿಲಿಪ್ಪೀನ್ಸ್‌ನಲ್ಲಿ ಕಾಂಡ್ಲಾ ಗಿಡ ನೆಡಿಸುತ್ತಿದೆ. ಅದಕ್ಕಿಂತ ನಮಗೆ ಹತ್ತಿರವಾದದ್ದು ಅವರು ಶಾಲೆಗಳಿಗಾಗಿ ಮಾಡಿದ ಸಾಗರ ಪಾಠಗಳು. 8ರಿಂದ 12 ವರ್ಷದ ಮಕ್ಕಳಿಗೆಂದು ಮಾಡಿದ್ದು. ನಮ್ಮ ಮಕ್ಕಳು ನಕ್ಷೆಯ ಮೇಲೆ ದೋಣಿಗಳನ್ನು ಹಿಂಬಾಲಿಸುವುದನ್ನು ನೋಡಿದರೆ, ನಾವು ಹೊರಟ ದಿನ ಊರಿನಲ್ಲಿ ಅಪ್ಪ ವಿಮಾನ ಎಲ್ಲಿಗೆ ತಲುಪಿತು ಎಂದು ಫೋನಿನಲ್ಲಿ ನೋಡುತ್ತಾ ಕೂರುವುದು ನೆನಪಾಗುತ್ತದೆ.

ನಮ್ಮ ದೇಶಕ್ಕೂ ಈ ದಾರಿ ಹೊಸತಲ್ಲ. 2009-10ರಲ್ಲಿ ನೌಕಾಪಡೆಯ ದಿಲೀಪ್ ದೊಂಡೆ ಒಬ್ಬರೇ ಭೂಮಿ ಸುತ್ತಿದರು. ಎಲ್ಲೂ ನಿಲ್ಲದೆ ಸುತ್ತಿದ ಮೊದಲ ಭಾರತೀಯ ಅಭಿಲಾಷ್ ಟಾಮಿ, 2012-13ರಲ್ಲಿ. ಇಬ್ಬರ ದೋಣಿಯೂ ಒಂದೇ, ಗೋವಾದಲ್ಲಿ ಕಟ್ಟಿದ 'ಮ್ಹಾದೆಯಿ'. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯ ಹೆಸರೇ ಅದು. ನೀರಿನ ಪಾಲಿಗೆ ಎರಡು ರಾಜ್ಯ ಜಗಳವಾಡುತ್ತಿರುವಾಗಲೇ ನದಿಯ ಹೆಸರು ಸದ್ದಿಲ್ಲದೆ ಭೂಮಿ ಸುತ್ತಿ ಬಂದಿತ್ತು. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 'ತಾರಿಣಿ'ಯಲ್ಲಿ ಇಬ್ಬರೇ ಸುತ್ತು ಹಾಕಿ ಮರುವರ್ಷದ ಮೇ 29ಕ್ಕೆ ಮರಳಿದರು. ದಾರಿಯಲ್ಲಿ ಪೆಸಿಫಿಕ್‌ನ 'ಪಾಯಿಂಟ್ ನೆಮೊ' ಹಾದರು. ಅಲ್ಲಿಂದ ಅತಿ ಹತ್ತಿರದ ನೆಲವೇ 2,688 ಕಿ.ಮೀ. ದೂರ. ಅಲ್ಲಿನ ನೀರನ್ನು ತುಂಬಿಸಿಕೊಂಡು ಬಂದರು. ಅದರಲ್ಲಿ ಮೈಕ್ರೊಪ್ಲಾಸ್ಟಿಕ್ ಇದೆಯೇ, ಯಾವ ಜೀವಿಗಳಿವೆ ಎಂದು ನೋಡುವ ಕೆಲಸ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯದು.

ಇಷ್ಟನ್ನೂ ಮುಂದಿನ ಭಾನುವಾರದ ಕರೆಯಲ್ಲಿ ಮಲ್ಪೆಯ ತಾಯಿಗೆ ಹೇಳಿದೆವು. ಇಂಗಾಲದ ಲೆಕ್ಕವನ್ನು ತಾಳ್ಮೆಯಿಂದ ಕೇಳಿದರು. ಬೂತಾಯಿ ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಕಾಣದಂತಾಗುವುದನ್ನು ಕಂಡವರು. ಕಡಲು ಬಿಸಿಯಾಗುತ್ತಿದೆ ಎಂಬುದನ್ನು ಅವರಿಗೆ ನಾವು ಬಿಡಿಸಿ ಹೇಳಬೇಕಿರಲಿಲ್ಲ. ಹೆರ್ಮನ್ ಡಿಕ್ಕಿಯ ಕಥೆಗೆ ಬಂದಾಗ ಮಾತ್ರ ತಡೆದು ಕೇಳಿದರು: "ಅವನದ್ದು ಇರಲಿ. ಆ ಮೀನಿನ ಬೋಟಿನವರಿಗೆ ಎಂತದೂ ಆಗಲಿಲ್ವಾ?"

ಇಲ್ಲ ಅಮ್ಮ, ಯಾರಿಗೂ ಪೆಟ್ಟಾಗಲಿಲ್ಲ ಎಂದೆವು.