ಪವರ್ ಸ್ಟೀರಿಂಗ್: ಕೆಲಸ ಕೆಡುವುದು ಹೋಸಿನಲ್ಲಿ

1967ರಿಂದ 72ರವರೆಗೆ ತಯಾರಾದ ಷೆವರ್ಲೆ ಸಿ-10 ಪಿಕಪ್‌ಗೆ ಅಮೆರಿಕದಲ್ಲಿ ಇವತ್ತಿಗೂ ಗಿರಾಕಿಗಳು ಕಡಿಮೆಯಿಲ್ಲ. ಆಗ ಪವರ್ ಸ್ಟೀರಿಂಗ್ ಬೇಕಾದವರು ಹೆಚ್ಚುವರಿ ದುಡ್ಡು ಕೊಡಬೇಕಿತ್ತು. ಎಷ್ಟೋ ಗಾಡಿಗಳು ಅದಿಲ್ಲದೆಯೇ ಹೊರಬಂದವು. ಮುಂದೆ ವಿ-8 ಎಂಜಿನ್ನಿನ ಭಾರ, ಕೆಳಗೆ ಈಗಿನ ಅಗಲದ ಟೈರು. ನಿಂತಲ್ಲೇ ತಿರುಗಿಸಿ ಪಾರ್ಕ್ ಮಾಡುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಹೀಗಾಗಿ ಹಳೆಯ ಗಾಡಿಗೆ ಪವರ್ ಸ್ಟೀರಿಂಗ್ ಹಾಕಿಸುವವರು ಬಹಳ.

ಸ್ಟೀರಿಂಗ್ ಬಾಕ್ಸ್, ಪಂಪ್, ಪುಲ್ಲಿ, ಬ್ರಾಕೆಟ್ ಎಂದು ಜನ ಗುಜರಿಯೆಲ್ಲ ಜಾಲಾಡುತ್ತಾರೆ. ಹೋಸಿನ ನೆನಪಾಗುವುದು ಕೊನೆಗೆ, ಜೇಬು ಖಾಲಿಯಾದ ಮೇಲೆ.

ಇರುವುದು ಎರಡೇ. ಬಾಕ್ಸಿನಿಂದ ಎಣ್ಣೆ ವಾಪಸ್ ತರುವ ರಿಟರ್ನ್ ಹೋಸಿನಲ್ಲಿ ಒತ್ತಡ ಅಷ್ಟಕ್ಕಷ್ಟೆ; ಎಣ್ಣೆ ತಡೆಯುವ ರಬ್ಬರು, ಒಳ್ಳೆಯ ಕ್ಲಿಪ್ಪು ಸಾಕು. ಪಂಪಿನಿಂದ ಬಾಕ್ಸಿಗೆ ಹೋಗುವ ಪ್ರೆಷರ್ ಹೋಸಿನ ಕಥೆಯೇ ಬೇರೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದರೆ ಅಲ್ಲಿನ ಒತ್ತಡ ಚದರ ಇಂಚಿಗೆ 1,000 ಪೌಂಡ್ ದಾಟುತ್ತದೆ. ಕಾರಿನ ಟೈರಿನಲ್ಲಿರುವುದು ಬರೀ 30–35. ಇಲ್ಲಿ ಕ್ಲಿಪ್ಪಿನ ಮಾತೇ ಎತ್ತಬಾರದು. ಲೋಹದ ತುದಿಯನ್ನು ಯಂತ್ರದಲ್ಲಿ ಒತ್ತಿ ಕೂರಿಸಿದ ಹೋಸೇ ಬೇಕು.

ನಿಜವಾದ ಪೇಚು ಥ್ರೆಡ್ಡಿನದು. ಷೆವರ್ಲೆ ತಯಾರಿಸುವ ಜನರಲ್ ಮೋಟರ್ಸ್‌ನ ಸ್ಯಾಗಿನಾ ಹೆಸರಿನ ಹಳೆಯ ಪಂಪುಗಳಿಗಿದ್ದದ್ದು ಇಂಚಿನ ಲೆಕ್ಕದ ಫ್ಲೇರ್ ನಟ್ಟು. 1980ರ ಆಸುಪಾಸಿನಲ್ಲಿ ಮೆಟ್ರಿಕ್ ಥ್ರೆಡ್ಡೂ ಓ-ರಿಂಗೂ ಬಂದವು. ಬಾಕ್ಸು ಹಳೆಯ ಗಾಡಿಯದು, ಪಂಪು ಈಚಿನದು ಎಂದಾದರೆ ಒಂದೇ ಹೋಸಿಗೆ ಒಂದು ತುದಿ ಇಂಚು, ಇನ್ನೊಂದು ಮಿಲಿಮೀಟರು. 5/8 ಇಂಚೆಂದರೆ 15.875 ಮಿ.ಮೀ.; ಮೆಟ್ರಿಕ್‌ನದು 16. ನೋಡಲು ಎರಡೂ ಒಂದೇ. ಹಳೆಯ ನಟ್ಟನ್ನು ಹೊಸ ಪಂಪಿಗಿಟ್ಟು ಬೆರಳಲ್ಲಿ ತಿರುಗಿಸಿ: ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಹಳೆಯದರಲ್ಲಿ ಇಂಚಿಗೆ 18 ಸುತ್ತು, ಅಂದರೆ ಸುತ್ತಿನಿಂದ ಸುತ್ತಿಗೆ 1.41 ಮಿ.ಮೀ.; ಹೊಸದರಲ್ಲಿ 1.5. ಕೂತಿತಲ್ಲ ಎಂದುಕೊಂಡು ಸ್ಪ್ಯಾನರ್ ಹಾಕಿದಿರೋ, ಥ್ರೆಡ್ ಹೋಯಿತು.

ಅಷ್ಟಕ್ಕೂ ಸೋರಿಕೆ ತಡೆಯುವುದು ಥ್ರೆಡ್ಡಲ್ಲ. ಫ್ಲೇರಿನಲ್ಲಾದರೆ ಕೊಳವೆಯ ಅಗಲಿಸಿದ ಬಾಯಿ ಒಳಗಿನ ಇಳಿಜಾರಿಗೆ ಒತ್ತಿ ಕೂರಬೇಕು. ಇನ್ನೊಂದರಲ್ಲಿ ಓ-ರಿಂಗು ಅಮುಕಿಕೊಳ್ಳಬೇಕು. ಟೆಫ್ಲಾನ್ ಟೇಪು ಮನೆಯ ನಲ್ಲಿಗಿರಲಿ. ಇಲ್ಲಿ ಅದರ ಚೂರು ವಾಲ್ವಿಗೆ ಹೋಗಿ ಸಿಕ್ಕಿಕೊಂಡೀತು. ಇಂಚಿನಿಂದ ಮೆಟ್ರಿಕ್‌ಗೆ ಅಡಾಪ್ಟರುಗಳು ಸಿಗುತ್ತವೆ, ನಿಜ. ಆದರೆ ಎರಡೂ ತುದಿ ತೋರಿಸಿ ಒಂದೇ ಹೋಸು ಮಾಡಿಸಿಕೊಳ್ಳುವುದೇ ಲೇಸು ಎಂದು ನನಗನಿಸುತ್ತದೆ. ನಮ್ಮೂರುಗಳಲ್ಲಿ ಜೆಸಿಬಿಗೆ ಹೋಸು ಮಾಡಿಕೊಡುವ ಅಂಗಡಿಗಳಲ್ಲೂ ಇಂಥದೇ ಒತ್ತುಯಂತ್ರ ಇರುತ್ತದೆ.

ಅಳತೆ ಕೊಡುವಾಗ ಕಂಜೂಸಿ ಬೇಡ. ಬಾಕ್ಸನ್ನು ಚಾಸಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಪಂಪು ಮಾತ್ರ ರಬ್ಬರ್ ಮೌಂಟಿಂಗಿನ ಮೇಲೆ ಕೂತ ಎಂಜಿನ್ನಿನ ಜತೆ ಅಲ್ಲಾಡುತ್ತದೆ. ಅಲ್ಲಾಟವನ್ನೆಲ್ಲ ಹೋಸೇ ತಾಳಬೇಕು. ಹಾಗೆಂದು ಉದ್ದ ಬಿಟ್ಟರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿ ಸುಡುತ್ತದೆ. ಈ ಎಣ್ಣೆಗೆ ಬೆಂಕಿ ಹತ್ತುತ್ತದೆ ಎಂಬುದು ನೆನಪಿರಲಿ. ಹೋಸಿನ ಮೈಮೇಲೆ ಉದ್ದಕ್ಕೆ ಅಚ್ಚಾದ ಅಕ್ಷರದ ಸಾಲು ನೆಟ್ಟಗಿರಬೇಕು. ಅದು ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಬಿಗಿಯುವಾಗ ಹೋಸು ತಿರುಚಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಬೇಕು.

ಎಣ್ಣೆ ತುಂಬಿ ತಕ್ಷಣ ಎಂಜಿನ್ ಶುರು ಮಾಡುವ ಆತುರ ಬೇಡ. ಮುಂದಿನ ಚಕ್ರ ಜಾಕ್ ಮೇಲಿರಲಿ. ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸಿ, ಎಣ್ಣೆ ಇಳಿದಂತೆ ತುಂಬುತ್ತ ಹೋಗಿ. ನೊರೆ ಬಂದರೆ ಸ್ವಲ್ಪ ಹೊತ್ತು ಬಿಡಿ. ಒಳಗೆ ಸಿಕ್ಕಿಕೊಂಡ ಗಾಳಿ ಪೂರ್ತಿ ಹೋಗುವ ತನಕ ಪಂಪು ನರಳುತ್ತಲೇ ಇರುತ್ತದೆ.