ಕಿಟಕಿ ಕೀಳುವ ಮೊದಲು

ಬೆಂಗಳೂರಿನ ವಿಜಯನಗರ, ಹಂಪಿನಗರ, ಅತ್ತಿಗುಪ್ಪೆಯ ಹಳೇ ಮನೆಗಳಲ್ಲಿ ಮರದ ಕಿಟಕಿಗಳು ಒಂದೊಂದಾಗಿ ಇಳಿಯುತ್ತಿವೆ. ಮಳೆಗೆ ಉಬ್ಬಿದ ಬಾಗಿಲು ಕೂರುವುದಿಲ್ಲ, ಕೆಳಪಟ್ಟಿಗೆ ಗೆದ್ದಲು. ಆ ಜಾಗಕ್ಕೆ ಬರುವುದು ಯುಪಿವಿಸಿ ಇಲ್ಲವೇ ಅಲ್ಯೂಮಿನಿಯಂ ಸ್ಲೈಡಿಂಗ್. "ಕಿತ್ತು ಹಾಕಿ, ಕೂರಿಸಿ, ಸಿಲಿಕಾನ್ ಹಚ್ಚಿ, ಒಂದು ಭಾನುವಾರ ಸಾಕು" ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಕೂರಿಸುವುದಕ್ಕೆ ನಿಜಕ್ಕೂ ಹೆಚ್ಚು ಹೊತ್ತು ಬೇಡ. ಕೆಲಸ ಕೆಡುವುದು ಅದಕ್ಕೂ ಮೊದಲು.

ಹಳೇ ಕಿಟಕಿಯ ಅಳತೆ ಕೊಟ್ಟರಾಯಿತು ಎಂಬುದು ಎಲ್ಲಕ್ಕಿಂತ ದುಬಾರಿ ನಂಬಿಕೆ. ಅಂಗಡಿಯವರಿಗೆ ಬೇಕಾದದ್ದು ಗೋಡೆಯ ಕಂಡಿಯ ಅಳತೆ. ಚೌಕಟ್ಟಿನ ಅಂಚನ್ನು ಗಾರೆ ಮುಚ್ಚಿರುತ್ತದೆ. ಉಳಿಯಿಂದ ಅಲ್ಲಲ್ಲಿ ಪ್ಲಾಸ್ಟರ್ ಬಿಡಿಸಿದರೆ ಮರ ಮುಗಿದು ಇಟ್ಟಿಗೆ ಶುರುವಾಗುವ ಗೆರೆ ಕಾಣುತ್ತದೆ. ಅಲ್ಲಿಂದ ಟೇಪು ಹಿಡಿಯಿರಿ. ಅಗಲವನ್ನು ಮೇಲೆ, ನಡುವೆ, ಕೆಳಗೆ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ. ಮೂರರಲ್ಲಿ ಚಿಕ್ಕದನ್ನು ಹಿಡಿದು ಅದರಲ್ಲಿ 10 ಮಿಲಿಮೀಟರ್ ಕಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮ ಬರದಿದ್ದರೆ ಕಂಡಿಯೇ ಸೊಟ್ಟ, ಹಳೇ ಮನೆಗಳಲ್ಲಿ ಇದು ಮಾಮೂಲು. ಟಫನ್ಡ್ ಗಾಜು ಹೇಳಿದ್ದರೆ ಇನ್ನೂ ಎಚ್ಚರ ಬೇಕು. ಕುಲುಮೆಯಿಂದ ಹೊರಬಂದ ಮೇಲೆ ಅದನ್ನು ಕತ್ತರಿಸುವಂತಿಲ್ಲ, ಕತ್ತರಿಸ ಹೋದರೆ ಇಡೀ ಹಾಳೆ ಹರಳು ಹರಳಾಗಿ ಉದುರುತ್ತದೆ.

"ಅಷ್ಟೇ ಅಗಲದ ಕಿಟಕಿ, ಅಷ್ಟೇ ಗಾಳಿ" ಎಂಬುದೂ ಸುಳ್ಳು. ನಾಲ್ಕಡಿಗೆ ನಾಲ್ಕಡಿ ಮರದ ಕಿಟಕಿಯ ಎರಡೂ ಬಾಗಿಲು ತೆಗೆದರೆ ಹೆಚ್ಚುಕಡಿಮೆ 16 ಚದರಡಿ ತೆರೆಯುತ್ತದೆ. ಎರಡು ಗಾಜಿನ ಸ್ಲೈಡಿಂಗ್ ತೆರೆಯುವುದು 8. ಸೊಳ್ಳೆ ಪರದೆಗೆಂದು ಮೂರನೇ ಟ್ರ್ಯಾಕ್ ಹಾಕಿಸಿದರೂ ಅಷ್ಟೇ, ಮೇಲಾಗಿ ಜಾಲರಿ ತನ್ನ ಪಾಲು ಗಾಳಿ ತಡೆಯುತ್ತದೆ. 20×30 ಸೈಟಿನಲ್ಲಿ ಪಕ್ಕದ ಮನೆ ಗೋಡೆಗೆ ಅಂಟಿಕೊಂಡ ಕೋಣೆಗೆ ರಸ್ತೆ ಕಡೆಯ ಕಿಟಕಿಯೇ ಗತಿ. ಅಲ್ಲಿ ಕೀಲಿನ ಬಾಗಿಲನ್ನೇ ಉಳಿಸಿಕೊಳ್ಳುವುದು ವಾಸಿ. ಗಾಳಿಯ ಜೊತೆಗೆ ಸದ್ದಿನ ಲೆಕ್ಕವೂ ಇದೆ. 2015ರ ನವೆಂಬರ್‌ನಲ್ಲಿ ಈ ಬಡಾವಣೆಗಳಲ್ಲಿ ಮೆಟ್ರೊ ಓಡಲು ಶುರುವಾಯಿತು. ಹಳಿಯ ಪಕ್ಕದವರು ಸದ್ದಿಗೆ ಜೋಡಿ ಗಾಜು ಕೇಳುತ್ತಾರೆ. ಆದರೆ ಗಾಳಿ ನುಸುಳುವ ಸಂದಿಯಲ್ಲಿ ಸದ್ದೂ ನುಸುಳುತ್ತದೆ. ಆ ಕಾರಣಕ್ಕೂ ರಬ್ಬರ್ ಗ್ಯಾಸ್ಕೆಟ್ ಇರುವ ಕೀಲಿನ ಬಾಗಿಲು ಸ್ಲೈಡಿಂಗಿಗಿಂತ ಮೇಲು.

ಚೌಕಟ್ಟು ತೆಗೆದರೆ ಗೋಡೆ ಕೂರುತ್ತದೆಂದು ಹೆದರುವವರಿದ್ದಾರೆ. ಮೇಲಿನ ಭಾರ ಹೊರುವುದು ಲಿಂಟಲ್, ಚೌಕಟ್ಟಲ್ಲ. ಲಿಂಟಲ್ಲೇ ಬಿರುಕುಬಿಟ್ಟು ತುಕ್ಕಿನ ಕಂಬಿ ಕಾಣುತ್ತಿದ್ದರೆ ಮಾತ್ರ ಎಂಜಿನಿಯರ್ ನೋಡುವವರೆಗೆ ಕೈ ಹಾಕಬೇಡಿ. ಹಾರೆ ಹಾಕಿ ಮೀಟುವುದೂ ಬೇಡ. ಚೌಕಟ್ಟನ್ನು ಗೋಡೆಯೊಳಗೆ ಹಿಡಿದಿರುವುದು ಕಬ್ಬಿಣದ ಹೋಲ್ಡ್‌ಫಾಸ್ಟ್‌ಗಳು. ಮರದ ಪಟ್ಟಿಗಳನ್ನು ನಡುವೆ ಗರಗಸದಿಂದ ಕೊಯ್ದು, ಹೋಲ್ಡ್‌ಫಾಸ್ಟ್‌ಗಳನ್ನು ಕತ್ತರಿಸಿದರೆ ಇಟ್ಟಿಗೆ ಕಿತ್ತು ಬರುವುದಿಲ್ಲ. ಗ್ರಿಲ್ ಅದೇ ಚೌಕಟ್ಟಿಗೆ ಸ್ಕ್ರೂ ಆಗಿದ್ದರೆ ಆ ರಾತ್ರಿ ಮನೆಗೆ ಕಾವಲಿಲ್ಲ; ಹೊಸ ಗ್ರಿಲ್ಲಿಗೆ ಮೊದಲೇ ಹೇಳಿಡಿ.

ಹಳೇ ಪೇಂಟ್ ಬರೀ ಧೂಳಲ್ಲ. ಮನೆ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಳೇ ಮರವನ್ನು ಒದ್ದೆ ಮಾಡದೆ ಉಜ್ಜಿದರೆ ಸೀಸದ ಪುಡಿ ಮನೆಯಲ್ಲೆಲ್ಲ ಹರಡಬಹುದು, ಚಿಕ್ಕ ಮಕ್ಕಳ ಮಿದುಳಿಗೆ ಅದು ವಿಷ. ಒದ್ದೆ ಮಾಡಿ ಕೆಲಸ ಮಾಡಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಇನ್ನು ಸಿಲಿಕಾನ್. ಕಿಟಕಿಯಡಿಯ ಒಳಪಟ್ಟಿಗಿಂತ ಹೊರಪಟ್ಟಿ ತಗ್ಗಿರದಿದ್ದರೆ ಎಷ್ಟು ಟ್ಯೂಬು ಸುರಿದರೂ ನೀರು ಒಳಗೇ. ಟ್ರ್ಯಾಕಿನ ಕೆಳಗಿರುವ ಸಣ್ಣ ತೂತುಗಳು ನೀರು ಹೊರಹೋಗಲೆಂದೇ ಕೊರೆದವು. ಇರುವೆ ಬರುತ್ತದೆಂದು ಅವನ್ನೂ ಮುಚ್ಚುವ ಪುಣ್ಯಾತ್ಮರಿದ್ದಾರೆ! ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ; ಈ ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಹೊಸ ಕಿಟಕಿ ಮನೆಗೆ ಬಂದು, ಅದನ್ನೂ ಅಳೆದು ನೋಡಿದ ಮೇಲಷ್ಟೇ ಹಳೆಯದಕ್ಕೆ ಗರಗಸ ಹಾಕಿ. ಅದೂ ನೆಲಮಹಡಿಯದಾದರೆ ಮಾತ್ರ. ಮಹಡಿ ಮೇಲಿನದನ್ನು ಸಾರವೆ ಕಟ್ಟಿ ಕೆಲಸ ಮಾಡುವವರಿಗೇ ಬಿಡಿ.